ರಾಸ್‌ಬೆರಿ: ಮನೆಯ ತೋಟದಲ್ಲಿ ಕೋಲುಗಳ ಸವರುವಿಕೆ ಮತ್ತು ಪೋಷಣೆ

ರಾಸ್‌ಬೆರಿ: ರೋಸೇಸೀ, ಎಂದರೆ ಗುಲಾಬಿಯ ಕುಟುಂಬಕ್ಕೆ ಸೇರಿದ ಒಂದು ಮುಳ್ಳುಪೊದೆ; ಅದರ ಹಣ್ಣಿಗೂ ಅದೇ ಹೆಸರು. ಯೂರೋಪಿನಲ್ಲಿಯೂ ಏಷ್ಯದ ಉತ್ತರಭಾಗದಲ್ಲಿಯೂ ತಂಪಾದ ಕಾಡುಗಳ ಅಂಚಿನಲ್ಲಿ, ಮರಗಳುರುಳಿ ಬೆಳಕು ಬಿದ್ದ ಎಡೆಗಳಲ್ಲಿ, ಬೆಟ್ಟದ ಇಳಿಜಾರುಗಳಲ್ಲಿ ತಾನೇ ತಾನಾಗಿ ಬೆಳೆಯುವ ಕೆಂಪು ರಾಸ್‌ಬೆರಿಯನ್ನು ಸಸ್ಯಶಾಸ್ತ್ರಜ್ಞರು ರೂಬಸ್ ಐಡೀಯಸ್ ಎಂದು ಕರೆಯುತ್ತಾರೆ. ಉತ್ತರ ಅಮೆರಿಕದ ಕೆಂಪು ರಾಸ್‌ಬೆರಿ ಇದಕ್ಕೆ ಅತಿ ಸಮೀಪದ ಬಂಧು. ಅದೇ ಖಂಡದ ಕಪ್ಪು ರಾಸ್‌ಬೆರಿಯಾದರೋ ರೂಬಸ್ ಆಕ್ಸಿಡೆಂಟಾಲಿಸ್ ಎಂಬ ಬೇರೆಯೇ ಪ್ರಭೇದ. ಕೆಂಪು ಕಪ್ಪುಗಳ ಸಂಕರದಿಂದ ನೇರಳೆ ಬಣ್ಣದ ತಳಿಗಳು ಹುಟ್ಟಿವೆ. ಹಳದಿ ಹಣ್ಣಿನವು ಬಹುಮಟ್ಟಿಗೆ ಕೆಂಪು ಜಾತಿಯ ರೂಪಾಂತರಗಳು. ಒಂದೇ ಹೂವಿನಲ್ಲಿರುವ ಹಲವಾರು ಅಂಡಾಶಯಗಳು ಒಂದೊಂದೂ ರಸಭರಿತವಾದ ಸಣ್ಣ ಮಣಿಯಾಗಿ ಬೆಳೆದು, ಒಂದಕ್ಕೊಂದು ಅಂಟಿಕೊಂಡು ಈ ಹಣ್ಣಾಗುತ್ತವೆ. ಪಕ್ವವಾದ ಹಣ್ಣನ್ನು ಎಳೆದಾಗ ಪುಷ್ಪಪೀಠವು ಗಿಡದಲ್ಲಿಯೇ ಬಿಳಿಯ ಗೂಟದಂತೆ ನಿಂತು, ಹಣ್ಣು ಮಾತ್ರ ಒಳಗೆ ಟೊಳ್ಳಾಗಿ, ಪುಟ್ಟ ಬಟ್ಟಲಿನಂತೆ ಕೈಗೆ ಬರುತ್ತದೆ. ಬ್ಲ್ಯಾಕ್‌ಬೆರಿಯಿಂದ ಇದನ್ನು ಬೇರ್ಪಡಿಸಿ ಗುರುತಿಸಲು ಈ ಟೊಳ್ಳೊಂದೇ ಸಾಕು.

ಐಡೀಯಸ್ ಎಂಬ ವಿಶೇಷಣ ಐಡಾ ಪರ್ವತದಿಂದ ಬಂದದ್ದು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಗ್ರಂಥಕಾರ ಪ್ಲಿನಿ ಐಡಾದ ಮುಳ್ಳುಪೊದೆಯೆಂದು ಉಲ್ಲೇಖಿಸಿದ ಹೆಸರನ್ನೇ 1753ರಲ್ಲಿ ಲಿನೀಯಸ್ ಶಾಸ್ತ್ರೀಯ ನಾಮವಾಗಿ ಸ್ಥಿರಗೊಳಿಸಿದನು. ಬಹುಕಾಲ ಜನರು ಇದನ್ನು ಕಾಡಿನಿಂದಲೇ ಆಯ್ದು ತಂದು ತಿನ್ನುತ್ತಿದ್ದರು. ಇಂಗ್ಲೆಂಡಿನ ಕೆಲವು ತೋಟಗಳಲ್ಲಿ ಇದು ಬೆಳೆಯುತ್ತಿದೆಯೆಂದು ವಿಲಿಯಂ ಟರ್ನರ್ 1548ರಲ್ಲಿ ಬರೆದಿದ್ದಾನೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಸ್ಕಾಟ್ಲೆಂಡಿನ ಪರ್ತ್‌ಷೈರಿನಲ್ಲಿರುವ ಬ್ಲೇರ್‌ಗೌರಿ ಎಂಬ ಊರಿನ ಸುತ್ತ ಇದರ ಬೇಸಾಯ ದೊಡ್ಡ ಪ್ರಮಾಣದಲ್ಲಿ ಹಬ್ಬಿತು. ಅದಕ್ಕೆ ಮುಂದಾಳಾಗಿದ್ದವನು ಜೆ. ಎಂ. ಹಾಜ್ ಎಂಬ ನ್ಯಾಯವಾದಿ. ಪ್ರತಿ ಬೇಸಗೆಯಲ್ಲಿ ನಗರಗಳ ಬಡ ಕುಟುಂಬಗಳೂ ಅಲೆಮಾರಿ ಜನಾಂಗದವರೂ ಹಣ್ಣು ಬಿಡಿಸಲು ಅಲ್ಲಿಗೆ ಬಂದು ಬೀಡುಬಿಡುತ್ತಿದ್ದರು. 1950ರ ದಶಕದಲ್ಲಿ ಹ್ಯಾಮಿಷ್ ಹೆಂಡರ್ಸನ್ ಎಂಬ ವಿದ್ವಾಂಸನು ಆ ಬೀಡುಗಳಲ್ಲಿಯೇ ಕುಳಿತು ಸ್ಕಾಟಿಷ್ ಜನಪದ ಗೀತೆಗಳ ದೊಡ್ಡ ಭಂಡಾರವನ್ನು ಧ್ವನಿಮುದ್ರಿಸಿಕೊಂಡನು. ಉತ್ತಮ ತಳಿಗಳನ್ನು ಒದಗಿಸಿದ ಕೀರ್ತಿ ಕೆಂಟ್ ಪ್ರಾಂತದ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರಕ್ಕೂ ಡಂಡೀ ನಗರದ ಬಳಿಯ ಇನ್ವರ್‌ಗೌರಿಯಲ್ಲಿ 1951ರಲ್ಲಿ ಸ್ಥಾಪಿತವಾದ ಸ್ಕಾಟಿಷ್ ತೋಟಗಾರಿಕಾ ಸಂಶೋಧನಾ ಸಂಸ್ಥೆಗೂ ಸಲ್ಲತಕ್ಕದ್ದು. ಮಾಲಿಂಗ್ ಜುವೆಲ್, ಗ್ಲೆನ್ ಕ್ಲೋವಾ, ಗ್ಲೆನ್ ಆಂಪಲ್ ಮೊದಲಾದ ತಳಿಗಳು ಹೆಸರಿನಲ್ಲಿಯೇ ತಮ್ಮ ತವರನ್ನು ಹೊತ್ತಿವೆ.

ಇಷ್ಟು ಪ್ರಸಿದ್ಧವಾದ ಹಣ್ಣು ಮನೆಯ ಹಿತ್ತಿಲಿನಲ್ಲಿ ಬೆಳೆದಾಗ ಎಷ್ಟೋ ಬಾರಿ ನಿರಾಶೆಯನ್ನು ತರುವುದುಂಟು. ಅದಕ್ಕೆ ಕಾರಣ ಬಹುಮಟ್ಟಿಗೆ ಮಣ್ಣೂ ಅಲ್ಲ, ಹವೆಯೂ ಅಲ್ಲ. ಕೋಲಿನ ವಯಸ್ಸನ್ನು ಅರಿಯದೆ ಕತ್ತರಿಯನ್ನು ಕೈಗೆತ್ತಿಕೊಳ್ಳುವುದು, ಇಲ್ಲವೆ ಕತ್ತರಿಯನ್ನೇ ಎತ್ತಿಕೊಳ್ಳದಿರುವುದು. ರಾಸ್‌ಬೆರಿಯ ಬೇರು ಬಹುವಾರ್ಷಿಕ. ಅದರ ಮೇಲೆ ಏಳುವ ಕಾಂಡವಾದರೋ ಎರಡು ವರ್ಷದ ಆಯುಷ್ಯವುಳ್ಳದ್ದು. ಕವಲಿಲ್ಲದೆ ನೆಟ್ಟಗೆ ಬೆಳೆಯುವ ಈ ಕಾಂಡವನ್ನು ತೋಟಗಾರರು ಕೋಲು ಎಂದೇ ಕರೆಯುತ್ತಾರೆ. ವಸಂತದಲ್ಲಿ ಬೇರಿನಿಂದಲೋ ಬುಡದಿಂದಲೋ ಹೊರಟ ಎಳೆಗೋಲು ಆ ಬೇಸಗೆಯೆಲ್ಲ ಬರಿಯ ಎಲೆಯನ್ನು ಹೊತ್ತು ಐದಾರು ಅಡಿ ಎತ್ತರಕ್ಕೆ ಏರುತ್ತದೆ. ಶರತ್ಕಾಲದಲ್ಲಿ ಹಗಲು ಕಿರಿದಾಗಿ ತಂಪು ಹೆಚ್ಚಿದಂತೆ ಅದರ ಎಲೆಗಂಕುಳಿನ ಕಣ್ಣುಗಳಲ್ಲಿ ಮುಂದಿನ ವರ್ಷದ ಹೂವಿನ ಅಂಕುರಗಳು ಗುಪ್ತವಾಗಿ ರೂಪುಗೊಳ್ಳುತ್ತವೆ. ಬಳಿಕ ಚಳಿಗಾಲದ ದೀರ್ಘ ಶೈತ್ಯವನ್ನು ಅನುಭವಿಸಿದ ಮೇಲೆಯೇ ಆ ಕಣ್ಣುಗಳು ಎಚ್ಚರಗೊಂಡು, ಎರಡನೆಯ ವಸಂತದಲ್ಲಿ ಪಕ್ಕದ ಕಿರುರೆಂಬೆಗಳಾಗಿ ಹೊರಟು, ಹೂತು, ಹಣ್ಣಾಗುತ್ತವೆ. ಹಣ್ಣು ಮುಗಿಯುತ್ತಲೇ ಆ ಕೋಲು ಬುಡದವರೆಗೆ ಒಣಗಿ ಸಾಯುತ್ತದೆ. ನಮ್ಮ ಬಾಳೆಯ ಗಿಡ ಗೊನೆಯನ್ನು ಕೊಟ್ಟು ತಾನು ಅಳಿದು ಪಕ್ಕದ ಕಂದಿಗೆ ಜಾಗ ಬಿಡುವುದನ್ನು ಕಂಡವರಿಗೆ ಈ ಕ್ರಮ ಅಪರಿಚಿತವಾಗಿ ತೋರದು. ಭೇದವಿಷ್ಟೆ: ಬಾಳೆಯಲ್ಲಿ ಗೊನೆ ಕಡಿದ ಗಿಡ ಯಾವುದೆಂದು ಕುರುಡನಿಗೂ ತಿಳಿಯುತ್ತದೆ, ರಾಸ್‌ಬೆರಿಯ ಪೊದೆಯಲ್ಲಿ ಸಾಯಲಿರುವ ಕೋಲೂ ಮುಂದಿನ ವರ್ಷ ಫಲಿಸಲಿರುವ ಕೋಲೂ ಒಂದೇ ಬುಡದಿಂದ ಎದ್ದು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ.

ಮೇಲೆ ಹೇಳಿದ್ದು ಬೇಸಗೆಯಲ್ಲಿ ಹಣ್ಣು ಕೊಡುವ ತಳಿಗಳ ಸ್ವಭಾವ. ಇನ್ನೊಂದು ವರ್ಗದ ತಳಿಗಳು ಎಳೆಗೋಲಿನ ತುದಿಯ ಭಾಗದಲ್ಲಿ ಅದೇ ವರ್ಷವೇ, ಆಗಸ್ಟ್ ತಿಂಗಳ ಸುಮಾರಿನಿಂದ ಮೊದಲ ಹಿಮ ಬೀಳುವವರೆಗೆ, ಹಣ್ಣು ಬಿಡುತ್ತವೆ; ಇವು ಶರತ್ಕಾಲದ ರಾಸ್‌ಬೆರಿಗಳು. ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಪ್ರಯೋಗಕೇಂದ್ರದಿಂದ 1969ರಲ್ಲಿ ಹೊರಬಂದ ಹೆರಿಟೇಜ್, ಈಸ್ಟ್ ಮಾಲಿಂಗಿನ ಆಟಮ್ ಬ್ಲಿಸ್ ಇವು ಈ ವರ್ಗದಲ್ಲಿ ಹೆಸರಾಂತವು. ತನ್ನ ತೋಟದಲ್ಲಿರುವುದು ಇವೆರಡರಲ್ಲಿ ಯಾವ ವರ್ಗವೆಂಬುದನ್ನು ತಿಳಿಯದವನು ಒಂದು ವರ್ಷ ಕತ್ತರಿಯನ್ನು ಮುಟ್ಟದೆ, ಯಾವ ತಿಂಗಳಲ್ಲಿ ಯಾವ ಕೋಲು ಹಣ್ಣು ಬಿಟ್ಟಿತೆಂದು ನೋಡಿಕೊಂಡಿರುವುದೇ ಯುಕ್ತ. ಆ ಒಂದು ವರ್ಷದ ತಾಳ್ಮೆ ಮುಂದಿನ ಹತ್ತು ವರ್ಷಗಳ ತಪ್ಪನ್ನು ತಪ್ಪಿಸುತ್ತದೆ.

ನೆಡುವ ಕಾಲ ಗಿಡದ ಸುಪ್ತಾವಸ್ಥೆ, ಎಂದರೆ ಬ್ರಿಟನ್ನಿನಂಥ ದೇಶದಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ. ನೀರು ನಿಲ್ಲದ, ಸ್ವಲ್ಪ ಆಮ್ಲಗುಣದ, ರಸಸಾರ 6ರಿಂದ 6.5ರವರೆಗಿನ ಮಣ್ಣು ಶ್ರೇಷ್ಠ. ಸುಣ್ಣದ ಅಂಶ ಅಧಿಕವಾದರೆ ಬೇರಿಗೆ ಕಬ್ಬಿಣ ದಕ್ಕದೆ ಎಲೆಯ ನರಗಳ ನಡುವೆ ಹಳದಿ ತಿರುಗುತ್ತದೆ. ಆಲೂಗಡ್ಡೆ, ಟೊಮೇಟೊ ಬೆಳೆದಿದ್ದ ಪಾತಿಯಲ್ಲಿ ನೆಟ್ಟರೆ ಅವುಗಳಿಂದ ಉಳಿದ ಸೊರಗುರೋಗದ ಶಿಲೀಂಧ್ರ ಇದನ್ನೂ ಹಿಡಿಯಬಹುದು. ಸಸಿಯಿಂದ ಸಸಿಗೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ ಆರು ಅಡಿ ಅಂತರವಿಟ್ಟು, ಬೇರುಗಳನ್ನು ಹರಡಿ ಎರಡು ಮೂರು ಅಂಗುಲಕ್ಕಿಂತ ಆಳವಾಗದಂತೆ ಮುಚ್ಚಿ, ಕೋಲನ್ನು ನೆಲದಿಂದ ಸುಮಾರು ಹತ್ತು ಅಂಗುಲಕ್ಕೆ ಕತ್ತರಿಸಿಬಿಡತಕ್ಕದ್ದು. ಹಣ ಕೊಟ್ಟು ತಂದ ಉದ್ದವಾದ ಕೋಲನ್ನು ಮೊದಲ ದಿನವೇ ಮೊಟಕುಮಾಡಲು ಯಾರ ಕೈಯೂ ಹಿಂಜರಿಯುತ್ತದೆ. ಆದರೆ ಇನ್ನೂ ನೆಲೆಯೂರದ ಬೇರಿನ ಶಕ್ತಿಯೆಲ್ಲ ಹಳೆಯ ಕೋಲಿನ ಹತ್ತಾರು ಹಣ್ಣುಗಳಿಗೆ ವ್ಯಯವಾಗದೆ ಹೊಸ ಕೋಲುಗಳನ್ನು ಎಬ್ಬಿಸಲು ಒದಗಬೇಕಾದರೆ ಇದೇ ದಾರಿ. ಹೊಸ ಚಿಗುರು ನೆಲದಿಂದ ಕಾಣಿಸಿಕೊಂಡ ಬಳಿಕ ಆ ಮೋಟನ್ನೂ ತೆಗೆದುಹಾಕಬಹುದು. ಬೇಸಗೆಯ ತಳಿಗಳಿಗೆ ಆಸರೆ ಅವಶ್ಯಕ: ಸಾಲಿನ ಎರಡು ತುದಿಗಳಲ್ಲಿ ಗಟ್ಟಿಯಾದ ಕಂಬಗಳನ್ನು ಹುಗಿದು, ಎರಡೂವರೆ, ಮೂರೂವರೆ ಮತ್ತು ಐದೂವರೆ ಅಡಿಗಳ ಎತ್ತರದಲ್ಲಿ ಮೂರು ತಂತಿಗಳನ್ನು ಬಿಗಿಯಾಗಿ ಎಳೆಯುವುದು ರೂಢಿಯಲ್ಲಿರುವ ಕ್ರಮ.

ಬೇಸಗೆಯ ರಾಸ್‌ಬೆರಿಯ ಮುಖ್ಯ ಸವರುವಿಕೆ ನಡೆಯಬೇಕಾದದ್ದು ಹಣ್ಣಿನ ಸುಗ್ಗಿ ಮುಗಿದ ಕೂಡಲೇ, ಜುಲೈ ಕೊನೆಯಲ್ಲಿಯೋ ಆಗಸ್ಟಿನಲ್ಲಿಯೋ. ಆಗ ಗುರುತು ಹಿಡಿಯುವುದೂ ಸುಲಭ. ಫಲಿಸಿದ ಕೋಲು ಕಂದು ಅಥವಾ ಬೂದುಬಣ್ಣಕ್ಕೆ ತಿರುಗಿ, ತೊಗಟೆ ಅಲ್ಲಲ್ಲಿ ಸುಲಿದು, ಪಕ್ಕದ ಕಿರುರೆಂಬೆಗಳ ತುದಿಯಲ್ಲಿ ಬಿಡಿಸಿದ ಹಣ್ಣುಗಳ ಬರಿದಾದ ಪೀಠಗಳನ್ನು ಇನ್ನೂ ಹೊತ್ತಿರುತ್ತದೆ. ಎಳೆಗೋಲು ಹಸುರಾಗಿ, ನುಣುಪಾಗಿ, ಪಕ್ಕದ ರೆಂಬೆಗಳಿಲ್ಲದೆ ನೆಟ್ಟಗಿರುತ್ತದೆ. ಕಾರ್ಯವನ್ನು ಚಳಿಗಾಲಕ್ಕೆ ಮುಂದೂಡಿದರೆ ಎಲೆಯುದುರಿದ ಎರಡೂ ಬಗೆಯ ಕೋಲುಗಳು ದೂರದಿಂದ ಒಂದೇ ಬಣ್ಣದವಾಗಿ ತೋರಿ, ಅವಸರದ ಕೈ ತಪ್ಪಿಹೋಗುತ್ತದೆ. ಅಷ್ಟೇ ಅಲ್ಲ, ಸತ್ತ ಕೋಲುಗಳ ನಡುವೆ ಸಿಕ್ಕಿದ ಎಳೆಗೋಲಿಗೆ ಬೇಸಗೆಯ ಕೊನೆಯ ಬಿಸಿಲೂ ಗಾಳಿಯೂ ದೊರೆಯದೆ, ಹೂವಿನ ಕಣ್ಣುಗಳು ಬಲಿಯಬೇಕಾದ ಸಮಯದಲ್ಲಿಯೇ ಅದು ಸೊರಗುತ್ತದೆ.

ಹಳೆಗೋಲನ್ನು ನೆಲಮಟ್ಟಕ್ಕೆ ಕತ್ತರಿಸಬೇಕು, ಮೋಟು ಉಳಿಯಕೂಡದು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ: ಒಣಗಿ ಉಳಿದ ಮೋಟು ಮತ್ತೆ ಚಿಗುರುವುದಿಲ್ಲ, ಬದಲಿಗೆ ಕೋಲುಗಳನ್ನು ಬಾಡಿಸುವ ಶಿಲೀಂಧ್ರಗಳಿಗೆ ಮನೆಯಾಗಿ, ಮಳೆಹನಿ ಸಿಡಿದಾಗಲೆಲ್ಲ ಪಕ್ಕದ ಎಳೆಗೋಲಿಗೆ ಬೀಜಕಣಗಳನ್ನು ಹಾಯಿಸುತ್ತದೆ. ಹಳೆಯದನ್ನು ತೆಗೆದ ಮೇಲೆ ಎಳೆಗೋಲುಗಳನ್ನು ಆರಿಸಬೇಕಾಗುತ್ತದೆ. ಒಂದೊಂದು ಗಿಡಕ್ಕೆ ಆರರಿಂದ ಎಂಟು ಪುಷ್ಟವಾದ ಕೋಲುಗಳು ಸಾಕು. ಪೆನ್ಸಿಲಿಗಿಂತ ತೆಳ್ಳಗಿರುವವು, ಬುಡದಲ್ಲಿ ಬಿರುಕುಬಿಟ್ಟವು, ಸಾಲಿನಿಂದ ಆಚೆಗೆ ಎದ್ದವು ಎಲ್ಲವನ್ನೂ ನಿರ್ದಾಕ್ಷಿಣ್ಯವಾಗಿ ತೆಗೆದು, ಉಳಿದವನ್ನು ಮೂರು ನಾಲ್ಕು ಅಂಗುಲಕ್ಕೊಂದರಂತೆ ತಂತಿಗೆ ಕಟ್ಟಬೇಕು. ಇಲ್ಲಿಯೇ ಮನೆಯ ತೋಟಗಾರನ ಕರುಣೆ ಅವನಿಗೆ ಶತ್ರುವಾಗುತ್ತದೆ. ಹೆಚ್ಚು ಕೋಲಿದ್ದರೆ ಹೆಚ್ಚು ಹಣ್ಣೆಂದು ಇಪ್ಪತ್ತನ್ನೂ ಉಳಿಸಿದವನಿಗೆ ನೆರಳಿನಲ್ಲಿ ಬೆಳೆದ ಸಣ್ಣ ಹಣ್ಣೂ ಬೂಷ್ಟೂ ದಕ್ಕುತ್ತವೆ. ಎಂಟನ್ನು ಉಳಿಸಿದವನ ಬುಟ್ಟಿ ದೊಡ್ಡ ಹಣ್ಣುಗಳಿಂದ ತುಂಬುತ್ತದೆ. ಕಾಫಿಯ ಗಿಡದಲ್ಲಿ ಕಂಬಚಿಗುರನ್ನು ತೆಗೆಯಿಸುವ ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರಿಗೂ, ಚಾಟನಿಯ, ಎಂದರೆ ಸವರುವಿಕೆಯ, ಹೊತ್ತಿನಲ್ಲಿ ಕಣ್ಣುಗಳನ್ನು ಎಣಿಸಿ ಕತ್ತರಿಸುವ ವಿಜಯಪುರದ ದ್ರಾಕ್ಷಿಯವರಿಗೂ ಈ ತರ್ಕವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಎರಡನೆಯ ಸವರುವಿಕೆ ಚಳಿಗಾಲದ ಕೊನೆಗೆ, ಫೆಬ್ರುವರಿ ಮಾರ್ಚಿಗಳಲ್ಲಿ. ತಂತಿಯನ್ನು ದಾಟಿ ಬೆಳೆದ ತುದಿಯನ್ನು, ಅತ್ಯಂತ ಮೇಲಿನ ತಂತಿಗಿಂತ ಆರು ಅಂಗುಲ ಮೇಲೆ, ಒಂದು ಆರೋಗ್ಯವಾದ ಕಣ್ಣಿಗೆ ಸಮೀಪವಾಗಿ ಕತ್ತರಿಸುವುದಿಷ್ಟೇ ಆಗಿನ ಕೆಲಸ. ಹಿಮಕ್ಕೆ ಸಿಕ್ಕಿ ಸತ್ತ ತುದಿ ಇದರಿಂದ ಹೋಗುತ್ತದೆ. ಈ ಕಾರ್ಯವನ್ನು ಶರತ್ಕಾಲದಲ್ಲಿ ಮಾಡಿದರೆ ಕತ್ತರಿಸಿದ ತುದಿಯಿಂದ ಕೆಳಕ್ಕೆ ಮತ್ತಷ್ಟು ಒಣಗುವ ಭಯವಿದೆ. ಎತ್ತರದ ಕಾಲುಭಾಗಕ್ಕಿಂತ ಹೆಚ್ಚನ್ನು ತೆಗೆದರೆ ಬಹಳ ಹಣ್ಣು ಕೊಡುವ ಕಣ್ಣುಗಳೇ ನಷ್ಟವಾಗುತ್ತವೆ. ಬಲವಾಗಿ ಬೆಳೆಯುವ ತಳಿಗಳಲ್ಲಿ ತುದಿಯನ್ನು ಕತ್ತರಿಸದೆ ಮೇಲಿನ ತಂತಿಯ ಮೇಲೆ ಬಿಲ್ಲಿನಂತೆ ಬಗ್ಗಿಸಿ ಕಟ್ಟುವ ಪದ್ಧತಿಯೂ ಉಂಟು. ನೋಡಲು ಸುಂದರ, ಹಣ್ಣೂ ಅಧಿಕ, ಆದರೆ ಪರಿಶ್ರಮ ಹೆಚ್ಚು.

ಶರತ್ಕಾಲದ ತಳಿಗಳಿಗೆ ಈ ವಿವೇಚನೆಯ ಭಾರವಿಲ್ಲ. ಚಳಿಗಾಲದ ಕೊನೆಯಲ್ಲಿ, ಹೊಸ ಚಿಗುರು ಮೇಲೇಳುವ ಮುನ್ನ, ಇರುವ ಕೋಲುಗಳನ್ನೆಲ್ಲ ನೆಲಕ್ಕೆ ಸಮನಾಗಿ ಕತ್ತರಿಸಿಬಿಟ್ಟರೆ ಮುಗಿಯಿತು. ವಸಂತದಲ್ಲಿ ಎದ್ದ ಕೋಲುಗಳೇ ಆ ವರ್ಷದ ಹಣ್ಣನ್ನು ಕೊಡುತ್ತವೆ. ಹಣ್ಣು ಮುಗಿದೊಡನೆ, ಎಲೆ ಇನ್ನೂ ಹಸುರಾಗಿರುವಾಗಲೇ ಕತ್ತರಿಸುವುದು ಸಲ್ಲದು. ಎಲೆ ಕಾಂಡಗಳಲ್ಲಿದ್ದ ಪೋಷಕಾಂಶ ಬೇರಿಗೆ ಇಳಿದು ಸೇರಲು ಅವಕಾಶ ಕೊಡಬೇಕು. ಕೆಲವರು ಫಲಿಸಿದ ತುದಿಯ ಭಾಗವನ್ನಷ್ಟೇ ತೆಗೆದು ಕೆಳಗಿನ ಭಾಗವನ್ನು ಉಳಿಸಿಕೊಳ್ಳುತ್ತಾರೆ. ಅಲ್ಲಿ ಮಲಗಿರುವ ಕಣ್ಣುಗಳು ಮುಂದಿನ ಬೇಸಗೆಯಲ್ಲಿ ಒಂದು ಸಣ್ಣ ಬೆಳೆಯನ್ನು ಕೊಟ್ಟು, ಎಳೆಗೋಲುಗಳು ಶರತ್ಕಾಲದಲ್ಲಿ ಮತ್ತೊಂದನ್ನು ಕೊಡುತ್ತವೆ. ಎರಡು ಬೆಳೆಯ ಆಸೆಯಲ್ಲಿ ಶರತ್ಕಾಲದ ಬೆಳೆ ಕುಗ್ಗುವುದು ಸಹಜ. ಬಿಡುವು ಕಡಮೆಯಿರುವ ಗೃಹಸ್ಥನಿಗೆ ಶರತ್ಕಾಲದ ತಳಿಯನ್ನೇ, ಅದರಲ್ಲಿಯೂ ಒಂದೇ ಬೆಳೆಯ ಕ್ರಮವನ್ನೇ, ಈ ಲೇಖಕನು ನಿಸ್ಸಂದೇಹವಾಗಿ ಸೂಚಿಸುವನು.

ಕಪ್ಪು ರಾಸ್‌ಬೆರಿಯ ಧರ್ಮ ಬೇರೆ. ಅದು ಬೇರಿನಿಂದ ದೂರದೂರಕ್ಕೆ ಮರಿಗಳನ್ನು ಎಬ್ಬಿಸದೆ ಬುಡದಿಂದಲೇ ಕೋಲುಗಳನ್ನು ಕೊಡುತ್ತದೆ. ಅದರ ಎಳೆಗೋಲು ಎರಡು, ಎರಡೂವರೆ ಅಡಿ ಎತ್ತರ ಬಂದಾಗ ಬೇಸಗೆಯಲ್ಲಿಯೇ ತುದಿಯನ್ನು ಚಿವುಟಬೇಕು. ಆಗ ಪಕ್ಕದ ರೆಂಬೆಗಳು ಹೊರಟು ಅವುಗಳ ಮೇಲೆ ಮುಂದಿನ ವರ್ಷದ ಹಣ್ಣು ಬರುತ್ತದೆ. ಚಳಿಗಾಲದ ಕೊನೆಗೆ ಆ ರೆಂಬೆಗಳನ್ನು ಸುಮಾರು ಒಂದು ಅಡಿಗೆ ಮೊಟಕುಗೊಳಿಸತಕ್ಕದ್ದು. ಕೆಂಪು ಜಾತಿಯ ಎಳೆಗೋಲನ್ನು ಹೀಗೆ ಬೇಸಗೆಯಲ್ಲಿ ಚಿವುಟುವುದು ಮಾತ್ರ ತಪ್ಪು.

ಪೋಷಣೆಯ ವಿಷಯದಲ್ಲಿ ಮರೆಯಬಾರದ ಸಂಗತಿ, ರಾಸ್‌ಬೆರಿಯ ಬೇರು ಮೇಲುಮಣ್ಣಿನಲ್ಲಿಯೇ ಹರಡಿರುತ್ತದೆಂಬುದು. ಗುದ್ದಲಿಯಿಂದ ಆಳವಾಗಿ ಅಗೆದರೆ ಬೇರು ತುಂಡಾಗುವುದಲ್ಲದೆ, ತುಂಡಾದ ಕಡೆಯಿಂದ ಬೇಡದ ಮರಿಗಳು ಏಳುತ್ತವೆ. ಆದ್ದರಿಂದ ಬಹುವಾರ್ಷಿಕ ಕಳೆಗಳನ್ನು ನೆಡುವುದಕ್ಕೆ ಮುಂಚೆಯೇ ಬೇರುಸಹಿತ ತೆಗೆದು, ನೆಟ್ಟ ಮೇಲೆ ಪ್ರತಿ ವಸಂತದಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನೋ ಎಲೆಗೊಬ್ಬರವನ್ನೋ ಎರಡು ಮೂರು ಅಂಗುಲ ದಪ್ಪಕ್ಕೆ, ಕೋಲಿನ ಬುಡಕ್ಕೆ ತಾಗದಂತೆ, ಹೊದಿಕೆಯಾಗಿ ಹಾಸುವುದು ಲೇಸು. ಅದು ತೇವವನ್ನು ಹಿಡಿಯುತ್ತದೆ, ಕಳೆಯನ್ನು ಅಡಗಿಸುತ್ತದೆ, ಆಹಾರವೂ ಆಗುತ್ತದೆ. ಮಳೆಯಿಲ್ಲದ ವಾರದಲ್ಲಿ ಒಂದು ಅಂಗುಲ ಮಳೆಗೆ ಸಮನಾದ ನೀರು ಬೇಕು. ಕಾಯಿ ಬಲಿಯುವಾಗ ಬರುವ ಬರದಷ್ಟು ಹಾನಿಕರವಾದದ್ದು ಬೇರೊಂದಿಲ್ಲ. ನೀರನ್ನು ಬುಡಕ್ಕೆ ಹಾಯಿಸಬೇಕೇ ಹೊರತು ಹಣ್ಣಿನ ಮೇಲೆ ಚಿಮುಕಿಸಬಾರದು. ಸಾಲಿನ ಅಗಲ ಒಂದು, ಒಂದೂವರೆ ಅಡಿಯನ್ನು ಮೀರಿದಾಗ ಆಚೆಗೆ ಎದ್ದ ಬೇರುಮರಿಗಳನ್ನು ಎಳೆಯದಾಗಿರುವಾಗಲೇ ಕೈಯಿಂದ ಕಿತ್ತುಹಾಕಬೇಕು.

ರೋಗ ಕೀಟಗಳ ಪ್ರಕರಣವನ್ನು ಸವರುವಿಕೆಯಿಂದ ಬೇರ್ಪಡಿಸಿ ಹೇಳಲಾಗದು. ಕಣ್ಣುಗಳ ಸುತ್ತ ನೇರಳೆ ಕಲೆಯನ್ನುಂಟುಮಾಡಿ ಅವನ್ನು ಬಲಹೀನಗೊಳಿಸುವ ಡಿಡಿಮೆಲ್ಲಾ ಶಿಲೀಂಧ್ರವೂ, ಕೋಲಿನ ಮೇಲೆ ಬೂದುನಡುವಿನ ಮಚ್ಚೆಗಳನ್ನು ತರುವ ಎಲ್ಸಿನೋಯೀ ಶಿಲೀಂಧ್ರವೂ ದಟ್ಟವಾಗಿ ಬೆಳೆದ, ಗಾಳಿಯಾಡದ ಸಾಲುಗಳನ್ನೇ ಆಶ್ರಯಿಸುತ್ತವೆ. ಎಳೆಗೋಲಿನ ತೊಗಟೆಯ ಸಹಜವಾದ ಬಿರುಕುಗಳಲ್ಲಿ ಒಂದು ಜಾತಿಯ ಸಣ್ಣ ನೊಣ ಮೊಟ್ಟೆಯಿಟ್ಟು, ಅದರ ಮರಿಹುಳುಗಳು ಮೆಲ್ಲುವ ಗಾಯದ ಮೂಲಕ ಕೋಲನ್ನು ಬುಡದಿಂದ ಕೊಲ್ಲುವ ರೋಗ ಒಳಹೊಗುತ್ತದೆ. ಅಂಥ ಕೋಲು ಬುಡದಲ್ಲಿ ಕಪ್ಪಾಗಿ, ಹಿಡಿದು ಅಲುಗಿಸಿದರೆ ಸೀಳಿ ಮುರಿಯುತ್ತದೆ. ರೋಗದ ಕೋಲನ್ನು ಕಂಡೊಡನೆ ನೆಲಮಟ್ಟಕ್ಕಿಂತ ಕೆಳಗೆ ಕತ್ತರಿಸಿ ಸುಡಬೇಕು. ಕತ್ತರಿಯನ್ನು ಶುದ್ಧಿಮಾಡಿಯೇ ಮುಂದಿನ ಗಿಡಕ್ಕೆ ಹೋಗಬೇಕು. ನೀರು ನಿಲ್ಲುವ ನೆಲದಲ್ಲಿ ಫೈಟಾಫ್ತೊರಾ ಎಂಬ ರೋಗಾಣು ಬೇರನ್ನೇ ಕೊಳೆಯಿಸುತ್ತದೆ. ಅದಕ್ಕೆ ಕತ್ತರಿಯಲ್ಲಿ ಮದ್ದಿಲ್ಲ, ಏರುಮಡಿಯಲ್ಲಿ ನೆಡುವುದೇ ರಕ್ಷೆ. ಹೂವಿನಲ್ಲಿ ಮೊಟ್ಟೆಯಿಟ್ಟು ಹಣ್ಣಿನೊಳಗೆ ಹುಳುವನ್ನು ಬಿಡುವ ರಾಸ್‌ಬೆರಿ ದುಂಬಿಯ ಕಾಟ ಬೇಸಗೆಯ ಬೆಳೆಗೆ ಹೆಚ್ಚು. ಶರತ್ಕಾಲದ ಬೆಳೆ ಬಹುಮಟ್ಟಿಗೆ ಪಾರಾಗುತ್ತದೆ. ಆದರೆ ಪೂರ್ವ ಏಷ್ಯದಿಂದ ಹೊರಟು 2008ರಿಂದೀಚೆಗೆ ಯೂರೋಪು ಅಮೆರಿಕಗಳಲ್ಲಿ ಹರಡಿದ ಚುಕ್ಕೆರೆಕ್ಕೆಯ ಹಣ್ಣುನೊಣ ತಡವಾಗಿ ಮಾಗುವ ಹಣ್ಣನ್ನೇ ಹೆಚ್ಚಾಗಿ ಕೆಡಿಸುತ್ತದೆ. ಮಾಗಿದ ಹಣ್ಣನ್ನು ಗಿಡದಲ್ಲಿ ಬಿಡದೆ ದಿನ ಬಿಟ್ಟು ದಿನ ಬಿಡಿಸುವುದೇ ಅದಕ್ಕೆ ಮನೆಯ ಮಟ್ಟಿನ ಉಪಾಯ.

ಹೂವುಗಳ ಪರಾಗಸ್ಪರ್ಶ ಜೇನುನೊಣಗಳಿಂದಲೂ ಇತರ ಕೀಟಗಳಿಂದಲೂ ನಡೆಯುತ್ತದೆ. ಪರಾಗ ತಲುಪದ ಅಂಡಾಶಯ ಮಣಿಯಾಗದೆ, ಹಣ್ಣು ಬಿಡಿಸುವಾಗಲೇ ಪುಡಿಪುಡಿಯಾಗುತ್ತದೆ. ಆದುದರಿಂದ ಹೂವಿನ ಕಾಲದಲ್ಲಿ ಕೀಟನಾಶಕವನ್ನು ಎರಚಕೂಡದು. ಹಕ್ಕಿಗಳಿಂದ ಕಾಪಾಡಲು ಕಾಯಿ ಕೆಂಪೇರುವ ಹೊತ್ತಿಗೆ ಬಲೆಯನ್ನು ಹೊದಿಸುತ್ತಾರೆ.

ಕೆಂಪು ರಾಸ್‌ಬೆರಿ ಚಳಿಯಿಲ್ಲದ ನಾಡಿನಲ್ಲಿ ಕಣ್ಣು ತೆರೆಯದು. ಕರ್ನಾಟಕದ ಬಯಲಿನಲ್ಲಿ ಅದನ್ನು ಬೆಳೆಯಿಸುವ ಪ್ರಯತ್ನ ಸಫಲವಾಗದಿರುವುದಕ್ಕೆ ಇದೇ ಹೇತು. ಆದರೆ ಅದರ ದಾಯಾದಿಗಳು ನಮ್ಮ ಬೆಟ್ಟಗಳಲ್ಲಿವೆ. ಪಶ್ಚಿಮಘಟ್ಟದ ಎತ್ತರದ ಪ್ರದೇಶಗಳಲ್ಲಿಯೂ ಹಿಮಾಲಯದಲ್ಲಿಯೂ ಬೆಳೆಯುವ, ಬಿಳಿಯ ಬೂದಿ ಮುಚ್ಚಿದಂತಹ ಕೋಲಿನ, ಕಪ್ಪು ಹಣ್ಣಿನ ರೂಬಸ್ ನೀವಿಯಸ್ ಎಂಬುದಕ್ಕೆ ಹೊರದೇಶಗಳಲ್ಲಿ ಮೈಸೂರು ರಾಸ್‌ಬೆರಿಯೆಂದೇ ಹೆಸರು. 1948ರಲ್ಲಿ ಇದು ಕೀನ್ಯದ ಮೂಲಕ ಅಮೆರಿಕದ ಫ್ಲಾರಿಡಾವನ್ನು ತಲುಪಿತು; ಚಳಿಯ ಹಂಗಿಲ್ಲದೆ ಫಲಿಸುವ ರಾಸ್‌ಬೆರಿಯೆಂದು ಅಲ್ಲಿಯ ಹಿತ್ತಿಲುಗಳಲ್ಲಿ ನೆಲೆಗೊಂಡಿತು. ಹತ್ತು ಅಡಿಗೂ ಮೀರಿ ಬೆಳೆದು ಬಾಗುವ ಇದರ ಕೋಲುಗಳಿಗೂ ನಿಯಮ ಅದೇ: ಹಣ್ಣು ಮುಗಿದ ಕೋಲು ಬುಡಕ್ಕೆ, ಹೊಸದು ತಂತಿಗೆ. ಕತ್ತರಿಯ ಅಂಕೆಯಿಲ್ಲದೆ ಇದು ಕಾಡುಪಾಲಾದಾಗ ಏನಾಗುವುದೆಂಬುದಕ್ಕೆ ಹವಾಯಿ ಮತ್ತು ಗಲಾಪಗಸ್ ದ್ವೀಪಗಳೇ ಸಾಕ್ಷಿ. ಅಲ್ಲಿ ಹಕ್ಕಿಗಳು ಬೀಜವನ್ನು ಹರಡಿ, ಸ್ಥಳೀಯ ಸಸ್ಯಗಳನ್ನು ಅಡಗಿಸುವ ಮುಳ್ಳಿನ ಗೋಡೆಯಾಗಿ ಇದು ಬೆಳೆದುನಿಂತಿದೆ.

ಚೆನ್ನಾಗಿ ನೋಡಿಕೊಂಡ ಸಾಲು ಹತ್ತು ಹನ್ನೆರಡು ವರ್ಷ ಫಲಿಸುತ್ತದೆ. ಬಳಿಕ ಸಸ್ಯಹೇನುಗಳು ಹೊತ್ತು ತಂದ ನಂಜುರೋಗಗಳು ಒಂದೊಂದಾಗಿ ಕೂಡಿ, ಕೋಲುಗಳು ಗಿಡ್ಡಾಗಿ, ಎಲೆಗಳು ಚಿತ್ತಾರವಾಗಿ ಮಡಚಿ, ಇಳುವರಿ ಇಳಿಯುತ್ತದೆ. ಆಗ ಯಾವ ಸವರುವಿಕೆಯೂ ಫಲಕಾರಿಯಲ್ಲ. ನೆರೆಯವರ ತೋಟದಿಂದ ಪ್ರೀತಿಯಿಂದ ಕೊಟ್ಟ ಮರಿಗಳಲ್ಲಿ ಈ ನಂಜು ಕಣ್ಣಿಗೆ ಕಾಣದಂತೆ ಅಡಗಿರಬಹುದಾದ್ದರಿಂದ, ಹೊಸ ಸಾಲಿಗೆ ರೋಗಮುಕ್ತವೆಂದು ಪ್ರಮಾಣಿತವಾದ ಸಸಿಗಳನ್ನೇ ತಂದು, ಹಳೆಯ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟು, ತೋಟದ ಬೇರೊಂದು ಮೂಲೆಯಲ್ಲಿ ನೆಡಬೇಕು.